36ರ ವಯಸ್ಸಿನಲ್ಲಿ ಬಡಾ ಖಯಾಲ್ ಹಾಡುವ ಗುರಿ ಇಟ್ಟುಕೊಳ್ಳಬಹುದೇ?

ಪ್ರಶ್ನೆ: ಹಾವೇರಿಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ, ವಯಸ್ಸು 36. ಚಿಕ್ಕಂದಿನಲ್ಲಿ ಊರಿನ ಭಜನಾ ಮೇಳದಲ್ಲಿ ಹಾಡುತ್ತಿದ್ದುದನ್ನು ಬಿಟ್ಟರೆ ಸಂಗೀತದ ಶಿಕ್ಷಣ ಆಗಿರಲಿಲ್ಲ. ಕಳೆದ ವರ್ಷದಿಂದ ರವಿವಾರ ರೈಲು ಹಿಡಿದು ಧಾರವಾಡಕ್ಕೆ ಹೋಗಿ ಹಿಂದುಸ್ತಾನಿ ಗಾಯನ ಕಲಿಯುತ್ತಿದ್ದೇನೆ. ಕೆಲವು ಪಲ್ಟಾಗಳು (ಸ್ವರಾಭ್ಯಾಸದ ಸಾಲುಗಳು) ಮತ್ತು ಯಮನ್ ರಾಗದ ಒಂದು ಛೋಟಾ ಖಯಾಲ್ (ಚುರುಕು ಲಯದ ಚಿಕ್ಕ ಹಾಡಿಕೆ) ಆಗಿವೆ. ಹತ್ತು ವರ್ಷಗಳೊಳಗೆ ಧಾರವಾಡದ ಬಲ್ಲ ಕೇಳುಗರ ಎದುರು ಕುಳಿತು ಒಂದು ತಾಸು ಬಡಾ ಖಯಾಲ್ (ನಿಧಾನ ಲಯದಲ್ಲಿ ರಾಗವನ್ನು ವಿಸ್ತರಿಸುವ ಹಾಡಿಕೆ) ಹಾಡಬೇಕೆಂಬುದು ನನ್ನ ಗುರಿ. ಮನೆಯವರಿಗೆ ಇದನ್ನು ತಿಳಿಸಿದಾಗ, ಹಾಸಿಗೆ ಇದ್ದಷ್ಟು ಕಾಲು ಚಾಚು, ಸಂಗೀತದ ಜೂನಿಯರ್ ಪರೀಕ್ಷೆ ಪಾಸಾದರೆ ಸಾಕು ಎಂದರು. ಅವರ ಮಾತಿನಲ್ಲಿ ಕಾಳಜಿಯೇ ಇದೆ. ಆದರೂ ಗುರಿಯನ್ನು ಇಳಿಸಲು ಮನಸ್ಸು ಒಪ್ಪುತ್ತಿಲ್ಲ. ತಿಳಿದವರು ಹೇಳಬೇಕು.

ಉತ್ತರ 1: ಧಾರವಾಡದ ಸಂಗೀತಾಭ್ಯಾಸಿ

ಅಕ್ಕಾವರೇ, ಗುರಿಯನ್ನು ಇಳಿಸಬೇಡಿರಿ. ನಿಮಗೆ ಹುರುಪು ತುಂಬಲೆಂದು ಈ ಮಾತು ಹೇಳುತ್ತಿಲ್ಲ. ಗುರಿ ಬದಲಾದರೆ ದಿನನಿತ್ಯದ ಅಭ್ಯಾಸವೂ ಬದಲಾಗುತ್ತದೆ ಎಂಬುದೇ ನನ್ನ ಕಾರಣ. ಪರೀಕ್ಷೆಯನ್ನಷ್ಟೇ ಎದುರಿಗಿಟ್ಟುಕೊಂಡವರು ಪಠ್ಯದಲ್ಲಿರುವ ರಾಗಗಳ ಆರೋಹ, ಅವರೋಹ, ಒಂದೊಂದು ಬಂದಿಶ್ (ರಾಗದಲ್ಲಿ ಕಟ್ಟಿದ ಹಾಡು) ಕಲಿತು ಮುಂದಕ್ಕೆ ಹೋಗುತ್ತಾರೆ. ಒಂದು ತಾಸು ಹಾಡಬೇಕೆನ್ನುವವರು ಒಂದೇ ಯಮನ್‌ನಲ್ಲಿ ತಿಂಗಳುಗಟ್ಟಲೆ ನಿಲ್ಲಬೇಕಾಗುತ್ತದೆ: ಷಡ್ಜವನ್ನು ಬಿಟ್ಟು ಮಂದ್ರದ, ಅಂದರೆ ಕೆಳಗಿನ ಸ್ಥಾಯಿಯ, ನಿಷಾದದಿಂದ ರಿಷಭಕ್ಕೆ, ಅಲ್ಲಿಂದ ಗಾಂಧಾರಕ್ಕೆ ಏರಿ, ಆ ಗಾಂಧಾರದ ಮೇಲೆ ತಂಬೂರಿಯೊಡನೆ ಸ್ವರ ಕೂಡುವವರೆಗೆ ನಿಂತು, ಮತ್ತೆ ಇಳಿದು ಬರುವುದನ್ನು ಬೇಸರವಿಲ್ಲದೆ ಮಾಡಬೇಕಾಗುತ್ತದೆ. ಈ ಎರಡು ದಾರಿಗಳಲ್ಲಿ ಹತ್ತು ವರ್ಷ ನಡೆದವರು ಬೇರೆ ಬೇರೆ ಊರುಗಳನ್ನೇ ಸೇರುತ್ತಾರೆ. ಪರೀಕ್ಷೆ ಕಟ್ಟುವುದು ತಪ್ಪಲ್ಲ, ಆದರೆ ಅದೇ ಅಳತೆಗೋಲಾಗಬಾರದು.

ವಯಸ್ಸಿನ ವಿಚಾರವನ್ನೂ ಹೇಳಬೇಕು. 11ನೆಯ ವಯಸ್ಸಿಗೇ ಗುರುವನ್ನು ಅರಸಿ ಮನೆ ಬಿಟ್ಟ ಗದಗಿನ ಭೀಮಸೇನ ಜೋಶಿಯವರೊಡನೆ ನಿಮ್ಮನ್ನು ಹೋಲಿಸಿಕೊಳ್ಳುವುದು ಬೇಡ. ಮಲ್ಲಿಕಾರ್ಜುನ ಮನಸೂರರನ್ನು ನೆನೆಯಿರಿ: ಗ್ರಾಮಾಫೋನ್ ತಟ್ಟೆಗಳಿಂದ ಹೆಸರು ಬಂದ ಮೇಲೆಯೂ ಅವರು ಜೈಪುರ-ಅತ್ರೌಲಿ ಘರಾಣೆಯ (ಗಾಯನ ಪರಂಪರೆಯ) ಮಂಜಿಖಾನರ ಎದುರು ಹೊಸ ಶಿಷ್ಯನಾಗಿ ಕುಳಿತರು, 1937ರಲ್ಲಿ ಮಂಜಿಖಾನರು ತೀರಿಕೊಂಡ ಬಳಿಕ ಅವರ ತಮ್ಮ ಭೂರ್ಜಿಖಾನರಲ್ಲಿ ಕಲಿಕೆಯನ್ನು ಮುಂದುವರಿಸಿದರು. ಕೈಯಲ್ಲಿದ್ದ ಹೆಸರು ಅವರಿಗೆ ಸಾಕೆನಿಸಲಿಲ್ಲ. ಇನ್ನು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಸವಾಯಿ ಗಂಧರ್ವರಲ್ಲಿ ಕಲಿಯಲು ಓಡಾಡಿದ್ದು ನಿಮ್ಮ ರೈಲು ಹೋಗುವ ಹಳಿಯ ಮೇಲೆಯೇ. ಮನೆವಾರ್ತೆಯ ಭಾರ ಹೊತ್ತುಕೊಂಡೇ ಅವರು ಕಲಿತರು.

ಉತ್ತರ 2: ಗದಗ

ಮೇಲಿನವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಹತ್ತು ವರ್ಷದ ಗಡುವನ್ನು ಮಾತ್ರ ಒಪ್ಪಲಾರೆ. ಗಡುವು ಹತ್ತಿರವಾದಂತೆ ಜನರು ಧ್ವನಿಯ ಮೇಲೆ ಬಲ ಹಾಕುತ್ತಾರೆ. ಮೇಡಂ, ನೀವು ಶಿಕ್ಷಕಿ. ದಿನವಿಡೀ ತುಂಬಿದ ತರಗತಿಯಲ್ಲಿ ಎತ್ತರದ ದನಿಯಲ್ಲಿ ಮಾತನಾಡಿದ ಗಂಟಲನ್ನೇ ಸಂಜೆ ತಾರಸಪ್ತಕಕ್ಕೆ (ಮೇಲಿನ ಸ್ಥಾಯಿಗೆ) ಎಳೆದರೆ ಅದು ತಾಳುವುದಿಲ್ಲ. ಶಾಲೆಗೆ ಹೋಗುವ ಮೊದಲು, ಬೆಳಗಿನ ಜಾವ ಖರಜ್ ಸಾಧನೆ (ಕೆಳಗಿನ ಸ್ವರಗಳ ಅಭ್ಯಾಸ) ಮಾಡಿರಿ. ಮಂದ್ರದಲ್ಲಿ ಎಲ್ಲಿಯವರೆಗೆ ಸಲೀಸಾಗಿ ಇಳಿಯುತ್ತದೋ ಅಲ್ಲಿಯವರೆಗೆ ಮಾತ್ರ ಇಳಿದು, ಒಂದೊಂದು ಸ್ವರವನ್ನು ಒಂದೇ ಉಸಿರಿನಲ್ಲಿ ಅಲುಗದಂತೆ ಹಿಡಿಯಿರಿ. ತರಗತಿಯಲ್ಲಿ ಕೂಗುವುದನ್ನು ಕಡಿಮೆ ಮಾಡಿರಿ, ನೀರಿನ ಬಾಟಲಿ ಮೇಜಿನ ಮೇಲಿರಲಿ. ಎರಡು-ಮೂರು ವಾರವಾದರೂ ದನಿ ಒಡೆದೇ ಇದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಇಎನ್‌ಟಿ ವೈದ್ಯರಿಗೆ ತೋರಿಸಿರಿ. ದೊಡ್ಡ ಗುರಿಯುಳ್ಳವರು ಇದನ್ನು ಸಣ್ಣ ವಿಷಯವೆಂದು ಬದಿಗಿಡಬಾರದು.

ಹಾವೇರಿಯ ಶಿಕ್ಷಕಿ

ಇಬ್ಬರಿಗೂ ಧನ್ಯವಾದಗಳು. ಗಡುವನ್ನು ಬಿಡುತ್ತೇನೆ. ಆದರೆ ಗಡುವಿಲ್ಲದಿದ್ದರೆ ಮುಂದೆ ಸಾಗುತ್ತಿದ್ದೇನೋ ಇಲ್ಲವೋ ಎಂಬುದನ್ನು ತಿಳಿಯುವುದು ಹೇಗೆ?

ಉತ್ತರ 3: ಹುಬ್ಬಳ್ಳಿಯ ತಬಲಾ ವಾದಕ

ಅದನ್ನು ತಾಳವೇ ತಿಳಿಸುತ್ತದೆ. ನಿಮ್ಮ ಗುರುಗಳು ಒಪ್ಪಿದ ಬಳಿಕ ಯಮನ್‌ನಲ್ಲಿ ಒಂದು ವಿಲಂಬಿತ (ನಿಧಾನ ಲಯದ) ಏಕತಾಲದ ಬಂದಿಶ್ ಎತ್ತಿಕೊಳ್ಳಿರಿ. ಹನ್ನೆರಡು ಮಾತ್ರೆಗಳ ಆ ಒಂದು ಆವರ್ತನ (ತಾಳದ ಒಂದು ಸುತ್ತು) ಸುಮಾರು ಒಂದು ನಿಮಿಷದವರೆಗೂ ಹರಡಬಹುದು. ಮೊದಮೊದಲು ಹಾಡುವವರು ಆಲಾಪವನ್ನು ಬೇಗ ಮುಗಿಸಿ, ಮುಖಡಾ (ಬಂದಿಶ್‌ನ ಮೊದಲ ತುಣುಕು) ಎಲ್ಲಿ ಹಿಡಿಯಬೇಕೆಂದು ಬೆರಳು ಎಣಿಸುತ್ತ ಕುಳಿತಿರುತ್ತಾರೆ. ಅವರ ಮುಖ ನೋಡಿಯೇ ನನಗೆ ಅದು ತಿಳಿಯುತ್ತದೆ. ಎಣಿಕೆ ಬಿಟ್ಟುಹೋಗಿ, ಆಲಾಪದ ಕೊನೆಯ ಸ್ವರ ತಾನಾಗಿಯೇ ಮುಖಡಾದೊಳಗೆ ಸೇರಿ ಸಮಕ್ಕೆ (ತಾಳದ ಮೊದಲ ಮಾತ್ರೆಗೆ) ಬಂದ ದಿನ ನೀವು ಒಂದು ಮೆಟ್ಟಿಲು ಏರಿದ್ದೀರಿ. ಅದು ಒಂದು ಆವರ್ತನದಲ್ಲಿ ಕೂಡಿತೆಂದರೆ ಐದರಲ್ಲಿ, ಆಮೇಲೆ ಹದಿನೈದು ನಿಮಿಷದಲ್ಲಿ ಕೂಡುತ್ತದೆಯೇ ಎಂದು ನೋಡುತ್ತ ಹೋಗಿರಿ. ಮೊಬೈಲಿನ ತಬಲಾ ಆ್ಯಪ್ ದಿನದ ರಿಯಾಜಿಗೆ ಸಾಲುತ್ತದೆ. ಆದರೆ ತಿಂಗಳಿಗೊಮ್ಮೆಯಾದರೂ ಮನುಷ್ಯ ನುಡಿಸುವ ತಬಲಾದೊಡನೆ, ನಾಲ್ಕು ಜನರ ಎದುರು ಹಾಡಿರಿ, ಏಕೆಂದರೆ ಆ್ಯಪ್ ನಿಮ್ಮನ್ನು ಕೇಳಿಸಿಕೊಳ್ಳುವುದಿಲ್ಲ. ರವಿವಾರದ ಪಾಠ ಮುಗಿಸಿ ಮರಳುವಾಗ ಹುಬ್ಬಳ್ಳಿಯಲ್ಲಿ ಇಳಿಯಲು ಸಾಧ್ಯವಿದ್ದರೆ ನಾನು ಸಂತೋಷದಿಂದ ಸಾಥ್ ಕೊಡುತ್ತೇನೆ. ಗುರುಗಳನ್ನು ಕೇಳಿಕೊಂಡು, ನಿಮ್ಮ ಷಡ್ಜ ಯಾವ ಪಟ್ಟಿಯಲ್ಲಿ (ಹಾರ್ಮೋನಿಯಂನ ಯಾವ ಮನೆಯಲ್ಲಿ) ಇದೆ ಎಂದು ಮುಂಚಿತವಾಗಿ ತಿಳಿಸಿರಿ, ತಬಲಾ ಅದಕ್ಕೆ ತಕ್ಕಂತೆ ಶ್ರುತಿ ಮಾಡಿಟ್ಟಿರುತ್ತೇನೆ.