1948ರ ಪ್ಲಿಮತ್: ಹೊಸ ಲೈನಿಂಗ್ ಹಾಕಿದ್ರೂ ಪೆಡಲ್ ಕೆಳಗೆ ಹೋಗ್ತಿದೆ, ಗೇಜ್ ಇಲ್ದೆ ಬ್ರೇಕ್ ಶೂ ಸೆಟ್ ಮಾಡಬಹುದಾ?

ಹಳೇಪ್ಲಿಮತ್

ಎಲ್ರಿಗೂ ನಮಸ್ಕಾರ. ಗಾಡಿ 1948ರ ಪ್ಲಿಮತ್ ಕಾರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ (ಕಮಾನಿನಂಥ ಶೂ ಹೊರಗೆ ಸರಿದು ಚಕ್ರದ ಜೊತೆ ತಿರುಗೋ ಡ್ರಮ್ ಒಳಮೈಗೆ ಒತ್ತೋದು), ಮುಂದಿನ ಒಂದೊಂದು ಚಕ್ರಕ್ಕೂ ಶೂ ತಳ್ಳೋ ವೀಲ್ ಸಿಲಿಂಡರ್ ಎರಡೆರಡು. ಮುಂದಿನ ಶೂಗಳಿಗೆ ಹೊಸ ಲೈನಿಂಗ್ (ಡ್ರಮ್‌ಗೆ ಉಜ್ಜೋ ಪಟ್ಟಿ) ಹಾಕ್ಸಿದೆ, ಡ್ರಮ್ ಲೇತಿಗೆ ಕೊಟ್ಟು ಸ್ವಲ್ಪ ಹೊಡೆಸಿದೆ, ಸಿಲಿಂಡರ್ ಕಪ್ ಎಲ್ಲಾ ಹೊಸದು, ಮೂರು ಸಲ ಬ್ಲೀಡ್ ಮಾಡಿ ಪೈಪಿನ ಗಾಳಿ ತೆಗೆದಿದೀನಿ. ಆದ್ರೂ ಮೊದಲ ಸಲ ತುಳಿದ್ರೆ ಪೆಡಲ್ ಹತ್ತತ್ರ ನೆಲ ಮುಟ್ಟತ್ತೆ, ತಕ್ಷಣ ಇನ್ನೊಂದ್ಸಲ ತುಳಿದ್ರೆ ಮೇಲೇನೇ ಗಟ್ಟಿಯಾಗಿ ನಿಲ್ಲತ್ತೆ. ಬ್ರೇಕ್ ಹಾಕಿದಾಗ ಗಾಡಿ ಎಡಕ್ಕೆ ಎಳೆಯತ್ತೆ.

ಶೂ ಕೂತಿರೋ ಬ್ಯಾಕ್ ಪ್ಲೇಟ್ ಹಿಂದಿರೋ ಕ್ಯಾಮ್ (ಶೂನ ಹೊರಗೆ ತಳ್ಳೋ ಅಡ್ಜಸ್ಟರ್) ತಿರುಗಿಸಿ ಚಕ್ರ ಲಾಕ್ ಆಗೋ ತನಕ ತಂದು, ಆಮೇಲೆ ಫ್ರೀ ಆಗೋವಷ್ಟು ಮಾತ್ರ ಬಿಟ್ಟಿದೀನಿ. ಈಗ ಚಕ್ರ ತಿರುಗಿಸಿದ್ರೆ ಒಂದು ಕಡೆ ಶ್‌ಶ್ ಅಂತ ಉಜ್ಜತ್ತೆ, ಅಂದ್ರೆ ಶೂ ತಾಗ್ತಾ ಇದೆ, ಆದ್ರೆ ಪೆಡಲ್ ಮಾತ್ರ ಮೇಲೆ ಬರ್ತಿಲ್ಲ. ಇದು ನಂಗೆ ಅರ್ಥ ಆಗ್ತಿಲ್ಲ. ಮ್ಯಾನುಯಲ್ ನೋಡಿದ್ರೆ ಮೇಜರ್ ಅಡ್ಜಸ್ಟ್‌ಮೆಂಟ್ ಅಂತ ಬೇರೇನೇ ಇದೆ, ಅದಕ್ಕೆ ಸ್ಪೆಷಲ್ ಗೇಜ್ ಬೇಕಂತೆ. ಅಮ್ಕೋ 1750 ಅನ್ನೋದರ ಫೋಟೋ ನೋಡಿದೀನಿ, ಕೈಗೆ ಸಿಕ್ಕಿಲ್ಲ. ಅದಿಲ್ದೆ ಆಗತ್ತಾ? ಹಿಂದಿನ ಡ್ರಮ್ ಇನ್ನೂ ಮುಟ್ಟಿಲ್ಲ, ಎಳೆದ್ರೂ ಅಲ್ಲಾಡ್ತಿಲ್ಲ.

ಗ್ರೀಸ್‌ಕೈ

ಮೊದಲು ಬ್ಲೀಡ್ ಮಾಡೋದು ನಿಲ್ಸಿ ಸಾರ್, ಆಯಿಲ್ ದಂಡ. ಗಾಳಿ ಇದ್ರೆ ಪೆಡಲ್ ಸ್ಪಂಜ್ ಥರ ಮೆತ್ತಗೆ ಇರತ್ತೆ. ನಿಮ್ದು ಎರಡನೇ ತುಳಿತಕ್ಕೆ ಗಟ್ಟಿ ಆಗತ್ತೆ ಅಂದ್ರೆ ಶೂಗೂ ಡ್ರಮ್‌ಗೂ ಮಧ್ಯೆ ಜಾಗ ಜಾಸ್ತಿ ಇದೆ, ಮೊದಲ ತುಳಿತದ ಆಯಿಲ್ ಎಲ್ಲಾ ಆ ಜಾಗ ತುಂಬೋಕೇ ಖರ್ಚಾಗತ್ತೆ, ಶೂ ಪೂರ್ತಿ ಹಿಂದಕ್ಕೆ ಹೋಗೋ ಮುಂಚೆ ನೀವು ಮತ್ತೆ ತುಳೀತೀರ, ಆಗ ಸಿಗತ್ತೆ.

"ತಾಗ್ತಾ ಇದೆಯಲ್ಲ, ಜಾಗ ಎಲ್ಲಿಂದ ಬಂತು" ಅಂತ ಕೇಳಿದ್ರಲ್ಲ, ವಿಷಯ ಇರೋದೇ ಅಲ್ಲಿ. ಶೂ ಅಂದ್ಮೇಲೆ ಅದಕ್ಕೂ ಬೆರಳು ಹಿಮ್ಮಡಿ ಇರತ್ತೆ. ಸಿಲಿಂಡರ್ ತಳ್ಳೋ ತುದಿ ಟೋ, ಆಂಕರ್ ಬೋಲ್ಟ್ ಮೇಲೆ ಕೂತಿರೋ ತುದಿ ಹೀಲ್. ನೀವು ತಿರುಗಿಸಿದ ಕ್ಯಾಮ್ ಟೋ ಕಡೇನ ಮಾತ್ರ ಹೊರಗೆ ತಳ್ಳತ್ತೆ. ಹೀಲ್ ಒಳಗೇ ಕೂತಿದ್ರೆ ಟೋ ಹೋಗಿ ಡ್ರಮ್‌ಗೆ ಉಜ್ಜತ್ತೆ, ಉಳಿದ ಲೈನಿಂಗ್ ಎಲ್ಲಾ ಗಾಳಿಯಲ್ಲಿ. ಡ್ರಮ್ ಹೊಡೆಸಿ ದೊಡ್ಡದು ಮಾಡಿದೀರ, ಲೈನಿಂಗ್ ಹೊಸದು, ಹಳೇ ಸೆಟ್ಟಿಂಗ್ ಇದಕ್ಕೆ ಹೊಂದಲ್ಲ. ಆ ಆಂಕರ್ ಬೋಲ್ಟ್ ಎಕ್ಸೆಂಟ್ರಿಕ್, ಅಂದ್ರೆ ಸೆಂಟರ್ ಒಂದು ಪಕ್ಕಕ್ಕಿದೆ, ತಿರುಗಿಸಿದ್ರೆ ಹೀಲ್ ಒಳಗೆ ಹೊರಗೆ ಸರಿಯತ್ತೆ. ಶೂ ಕಮಾನಿನ ಸೆಂಟರ್ ಚಕ್ರದ ಸೆಂಟರ್‌ಗೆ ಕೂರೋ ಹಾಗೆ ತರೋದೇ ಮೇಜರ್ ಅಡ್ಜಸ್ಟ್‌ಮೆಂಟ್. ಗೇಜ್ ಮಾಡೋದೂ ಇಷ್ಟೇ, ಚಕ್ರ ಕೂತು ತಿರುಗೋ ಸ್ಪಿಂಡಲ್ ಮೇಲೆ ಕೂತು ಶೂ ಸುತ್ತ ಒಂದು ಮೊನೆ ಓಡಿಸಿ ಹೀಲಲ್ಲಿ ಎಷ್ಟು ಗ್ಯಾಪು ಟೋನಲ್ಲಿ ಎಷ್ಟು ಅಂತ ಹೇಳತ್ತೆ.

ಮುಂದಿನ ಚಕ್ರದಲ್ಲಿ ಎರಡು ಆಂಕರೂ ಒಂದೇ ಕಡೆ ಇರಲ್ಲ, ನೋಡ್ಕೊಳಿ. ಮುಂದಿನ ಶೂಗೆ ಕೆಳಗೆ, ಹಿಂದಿನ ಶೂಗೆ ಮೇಲೆ. ಹಿಂದಿನ ಚಕ್ರದಲ್ಲಿ ಎರಡೂ ಕೆಳಗೇ. ಅದಕ್ಕೇ ಮುಂದೆ ಎರಡು ಕ್ಯಾಮೂ ಒಂದೇ ದಿಕ್ಕಿಗೆ ತಿರುಗಿಸಿದ್ರೆ ಟೈಟ್ ಆಗತ್ತೆ, ಹಿಂದೆ ಒಂದು ಹೀಗೆ ಒಂದು ಹಾಗೆ. ಇದು ಗೊತ್ತಿಲ್ದೆ ಒಂದು ಭಾನುವಾರ ಪೂರ್ತಿ ಹಾಳು ಮಾಡ್ಕೊಂಡೋನು ನಾನು.

ಲೇತ್‌ಮಾವ

ಗೇಜ್ ಇಲ್ದೆ ಧಾರಾಳವಾಗಿ ಆಗತ್ತೆ, ತಾಳ್ಮೆ ಬೇಕಷ್ಟೆ. ನಾನು ಮಾಡ್ಕೊಂಡಿದ್ದು ಹೀಗೆ. ಸ್ಪಿಂಡಲ್ ಮೇಲೆ ಆಟ ಇಲ್ದೆ ಬಿಗಿಯಾಗಿ ತಿರುಗೋ ಒಂದು ಬುಶ್, ಹಳೇ ಬೇರಿಂಗ್ ಇದ್ರೂ ನಡಿಯತ್ತೆ, ಅದಕ್ಕೆ ಒಂದು ಪಟ್ಟಿ ವೆಲ್ಡ್, ಪಟ್ಟಿ ತುದಿಗೆ ನಟ್ಟು, ನಟ್ಟಿನೊಳಗೆ ಮೊನೆ ಮಾಡಿದ ಉದ್ದ ಬೋಲ್ಟು, ಮೇಲೊಂದು ಲಾಕ್ ನಟ್. ಬುಶ್ ಅಲ್ಲಾಡಿದ್ರೆ ಅಳತೆ ಎಲ್ಲಾ ಸುಳ್ಳು, ಅಲ್ಲಿ ಮಾತ್ರ ಜಿಪುಣತನ ಬೇಡ.

ಡ್ರಮ್ ಒಳಗಿನ ವ್ಯಾಸ ಇನ್‌ಸೈಡ್ ಕ್ಯಾಲಿಪರಲ್ಲಿ ತಗೊಂಡು ಅರ್ಧ ಮಾಡಿ, ಅದರಿಂದ ನಿಮ್ಮ ಮ್ಯಾನುಯಲ್ ಹೇಳೋ ಹೀಲ್ ಗ್ಯಾಪ್ ಕಳೀರಿ. ಮೊನೆ ಸೆಂಟರಿಂದ ಅಷ್ಟೇ ದೂರದಲ್ಲಿ ನಿಲ್ಲಬೇಕು. ಸೆಂಟರ್ ಹಿಡಿಯೋದು ಹೇಗೆ ಅಂದ್ರೆ ಮೊನೆಯಿಂದ ಸ್ಪಿಂಡಲ್‌ನ ಆಚೆ ಬದಿ ತನಕ ದೊಡ್ಡ ವರ್ನಿಯರಲ್ಲಿ ಅಳೀರಿ, ಅದರಲ್ಲಿ ಸ್ಪಿಂಡಲ್ ದಪ್ಪದ ಅರ್ಧ ಕಳೆದ್ರೆ ಮೊನೆಯ ರೇಡಿಯಸ್. ದಪ್ಪ ಕೂಡ ಅಳೆದ ಜಾಗದಲ್ಲೇ ತಗೋಬೇಕು, ಸ್ಪಿಂಡಲ್ ಉದ್ದಕ್ಕೂ ಒಂದೇ ದಪ್ಪ ಇರಲ್ಲ. ಆಮೇಲೆ ಆಂಕರ್ ತಿರುಗಿಸ್ತಾ ಮೊನೆ ಹೀಲ್ ಮೇಲೆ ಸುಮ್ನೆ ಸವರಿಕೊಂಡು ಹೋಗೋ ಹಾಗೆ ತನ್ನಿ, ಟೋಗೆ ಕ್ಯಾಮ್. ಒಂದು ಸರಿ ಮಾಡಿದ್ರೆ ಇನ್ನೊಂದು ಅಲ್ಲಾಡತ್ತೆ, ಎರಡು ಮೂರು ಸುತ್ತು ಬರಬೇಕಾಗತ್ತೆ. ನೆನಪಿರ್ಲಿ, ಗ್ಯಾಪ್ 6 ಥೌ (ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ) ಅಂತಿದ್ರೆ ಅದು ಸುಮಾರು 0.15 ಮಿಮೀ, ಕಣ್ಣಂದಾಜಿಗೆ ಸಿಗೋ ಅಳತೆ ಅಲ್ಲ.

ಇಷ್ಟೆಲ್ಲಾ ಬೇಡ ಅಂದ್ರೆ ಬಿಸಾಕೋ ಡ್ರಮ್ ಒಂದಿದ್ರೆ ಅದಕ್ಕೆ ಕಿಟಕಿ ಕೊರೆದು ಫೀಲರ್ ಗೇಜ್ (ಗ್ಯಾಪ್ ಅಳೆಯೋ ತೆಳು ಲೋಹದ ಎಲೆಗಳು) ತೂರಿಸಿ ನೋಡೋರಿದಾರೆ. ಆದ್ರೆ ಆ ಡ್ರಮ್ಮೂ ನಿಮ್ಮ ಡ್ರಮ್ಮೂ ಒಂದೇ ಸೈಜಿಗೆ ಹೊಡೆದಿರಬೇಕು. ಇಲ್ಲಾಂದ್ರೆ ಲೈನಿಂಗ್ ಮೇಲೆ ಸೀಮೆಸುಣ್ಣ ಬಳಿದು ಡ್ರಮ್ ಹಾಕಿ, ತಿರುಗಿಸ್ತಾ ಮೆಲ್ಲಗೆ ಬ್ರೇಕ್ ಒತ್ತಿಸಿ ಬಿಚ್ಚಿ ನೋಡಿ, ಎಲ್ಲಿ ಅಳಿಸಿದೆಯೋ ಅಲ್ಲಿ ತಾಗ್ತಿದೆ.

ಎಡಥ್ರೆಡ್

ಮಾವ ಹೇಳಿದ್ದೆಲ್ಲಾ ಸರಿ, ಸೀಮೆಸುಣ್ಣದ್ದು ಮಾತ್ರ ನಾನು ಒಪ್ಪಲ್ಲ. ಪೆಡಲ್ ಒತ್ತಿದಾಗ ಶೂ ಬಗ್ಗತ್ತೆ, ತಾಗದ ಜಾಗಾನೂ ತಾಗಿದ ಹಾಗೆ ಕಾಣತ್ತೆ. ಕೊನೇಲಿ ಚೆಕ್ ಮಾಡೋಕೆ ಇಟ್ಕೊಳಿ, ಸೆಟ್ ಮಾಡೋಕೆ ಬೇಡ.

ಪ್ಲಿಮತ್ ಅಂದಿದ್ದಕ್ಕೆ ಇನ್ನೊಂದಿಷ್ಟು ಹೇಳ್ತೀನಿ. ಎಡಗಡೆ ಚಕ್ರದ ಬೋಲ್ಟು ಎಡ ಥ್ರೆಡ್, ಮಾಮೂಲಿ ಥರ ಬಿಚ್ಚೋಕೆ ಹೋಗಿ ಪೈಪ್ ಹಾಕಿ ಜಗ್ಗಿ ತಲೆ ಮುರೀಬೇಡಿ. ಹಿಂದಿನ ಡ್ರಮ್ ಕೂತಿರೋದು ಟೇಪರ್ (ತುದಿಗೆ ಸಣ್ಣ ಆಗ್ತಾ ಹೋಗೋ) ಆಕ್ಸಲ್ ಮೇಲೆ, ಜೊತೆಗೆ ಜಾರದ ಹಾಗೆ ಹಿಡಿಯೋ ಕೀ. ಎಳೆದ್ರೆ ಬರಲ್ಲ. ಡ್ರಮ್ ಅಂಚಿಗೆ ಕೊಕ್ಕೆ ಹಾಕೋ ಪುಲ್ಲರ್ ಬಳಸಿದ್ರೆ ಡ್ರಮ್ ಸೊಟ್ಟ ಆಗೋದು ಗ್ಯಾರಂಟಿ. ಚಕ್ರದ ಬೋಲ್ಟ್ ತೂತಿಗೇ ಫಿಟ್ ಆಗೋ ಹಬ್ ಪುಲ್ಲರ್ ಬೇಕು, ಇಲ್ಲಿ ಸ್ಪೆಷಲ್ ಟೂಲ್‌ಗೆ ಬದಲಿ ಇಲ್ಲ. ಆಕ್ಸಲ್ ನಟ್ ಪೂರ್ತಿ ತೆಗೀಬೇಡಿ, ಕೆಲವು ಸುತ್ತು ಲೂಸ್ ಮಾಡಿ ಹಾಗೇ ಬಿಡಿ, ಬಿಡೋವಾಗ ಡ್ರಮ್ ಗುಂಡು ಹೊಡೆದ ಹಾಗೆ ಸದ್ದು ಮಾಡಿ ಹಾರತ್ತೆ, ನಟ್ ಇದ್ರೆ ಅದೇ ತಡೆಯತ್ತೆ. ಪುಲ್ಲರ್ ಟೈಟ್ ಮಾಡಿ, ಸುತ್ತಿಗೇಲಿ ಅದಕ್ಕೆ ಹೊಡೀರಿ, ಬರ್ಲಿಲ್ವಾ, ಟೆನ್ಷನ್‌ನಲ್ಲೇ ಬಿಟ್ಟು ಮಲಗಿ. ನಂದು ರಾತ್ರಿ ಎರಡೂವರೆಗೆ ತಾನೇ ಬಿಟ್ಕೊಂಡು ಮನೆಯವರನ್ನೆಲ್ಲಾ ಎಬ್ಬಿಸಿತ್ತು.

ಹ್ಯಾಂಡ್ ಬ್ರೇಕ್ ನಂಬಬೇಡಿ! ಈ ಗಾಡೀಲಿ ಅದು ಚಕ್ರದಲ್ಲಿಲ್ಲ, ಗೇರ್‌ಬಾಕ್ಸ್ ಹಿಂದೆ ಇದೆ. ಹಿಂದಿನ ಒಂದೇ ಚಕ್ರ ಎತ್ತಿದ್ರೆ ಎತ್ತಿದ್ದು ಹಿಂದಕ್ಕೆ ತಿರುಗತ್ತೆ, ನೆಲದ ಮೇಲಿರೋದು ಮುಂದಕ್ಕೆ ಉರುಳತ್ತೆ, ಡಿಫರೆನ್ಷಿಯಲ್ ಕೆಲಸಾನೇ ಅದು. ಮುಂದಿನ ಚಕ್ರ ಉರುಳದ ಹಾಗೆ ಎರಡೂ ಕಡೆಯಿಂದ ಅಡ್ಡ ಕೊಡಿ, ಸ್ಟ್ಯಾಂಡ್ ಇಡಿ. ಹಳೇ ಲೈನಿಂಗ್ ಧೂಳು ಆಸ್ಬೆಸ್ಟಾಸ್ ಇರಬಹುದು, ಗಾಳಿ ಹೊಡೀಬೇಡಿ, ಒದ್ದೆ ಬಟ್ಟೇಲಿ ಒರೆಸಿ.

ಹಳೇಪ್ಲಿಮತ್

ಎರಡು ವಾರ ಆಯ್ತು, ಏನಾಯ್ತು ಅಂತ ಹೇಳೋಣ ಅಂತ ಬಂದೆ. ಲೇತ್‌ಮಾವನ ಥರಾನೇ ಗೇಜ್ ಮಾಡ್ದೆ, ಮೊದಲನೇದು ಅಲ್ಲಾಡ್ತು ಅಂತ ಎಸೆದು ಎರಡನೇದು ಮಾಡ್ದೆ. ಬಲಗಡೆ ಮುಂದಿನ ಚಕ್ರದಲ್ಲಿ ಹಿಂದಿನ ಶೂ ಹೀಲ್ ಪೂರ್ತಿ ಒಳಗಿತ್ತು, ಫೀಲರ್ ಗೇಜಿನ ಅತಿ ದಪ್ಪ ಎಲೆ ಹಾಕಿದ್ರೂ ಲೊಡಲೊಡ. ಬಲಗಡೆ ಬ್ರೇಕ್ ಹಿಡೀತಾನೇ ಇರ್ಲಿಲ್ಲ, ಹಿಡಿಯೋ ಎಡಗಡೆಗೆ ಗಾಡಿ ಎಳೀತಿತ್ತು. ಆಂಕರ್ ನಟ್ ತುಕ್ಕು ಹಿಡಿದು ಮೂರು ದಿನ ಆಯಿಲ್ ಕುಡೀತು.

ಒಂದು ವಿಷಯ ಯಾರೂ ಹೇಳ್ಲಿಲ್ಲ, ಲಾಕ್ ನಟ್ ಟೈಟ್ ಮಾಡೋವಾಗ ಆಂಕರ್ ಬೋಲ್ಟೂ ಜೊತೇಲಿ ತಿರುಗಿಬಿಡತ್ತೆ, ಮಾಡಿದ್ದೆಲ್ಲಾ ಕೆಡತ್ತೆ. ಇನ್ನೊಂದು ಸ್ಪ್ಯಾನರಲ್ಲಿ ಬೋಲ್ಟ್ ಹಿಡಿದು ಟೈಟ್ ಮಾಡಿ ಮತ್ತೆ ಅಳೀಬೇಕು. ನಾಲ್ಕು ಸಲ ಮಾಡ್ದೆ.

ಈಗ ಪೆಡಲ್ ಮೊದಲ ತುಳಿತಕ್ಕೇ ಸಿಗತ್ತೆ, ಗಾಡಿ ನೇರ ನಿಲ್ಲತ್ತೆ. ಆದ್ರೆ ಇಳಿಜಾರಲ್ಲಿ ರಿವರ್ಸ್ ಬರೋವಾಗ ಬ್ರೇಕ್ ಏನೇನೂ ಸಾಲದು ಅನ್ಸತ್ತೆ. ಏನಾದ್ರೂ ಉಲ್ಟಾ ಹಾಕಿದೀನಾ?

ಗ್ರೀಸ್‌ಕೈ

ಉಲ್ಟಾ ಏನಿಲ್ಲ. ಎರಡು ಸಿಲಿಂಡರ್ ಮುಂದಿನ ಬ್ರೇಕಲ್ಲಿ ಗಾಡಿ ಮುಂದೆ ಹೋಗೋವಾಗ ಎರಡೂ ಶೂ ಲೀಡಿಂಗ್, ತಿರುಗೋ ಡ್ರಮ್ಮೇ ಶೂನ ತನ್ನ ಕಡೆ ಎಳ್ಕೊಳತ್ತೆ. ಹಿಂದೆ ಬರೋವಾಗ ಎರಡೂ ಟ್ರೇಲಿಂಗ್ ಆಗಿ ಡ್ರಮ್ ಶೂನ ದೂರ ತಳ್ಳತ್ತೆ, ಜೋರಾಗಿ ತುಳೀಲೇಬೇಕು. ಆದ್ರೂ ಏನೇನೂ ಸಾಲದು ಅಂತಿದೀರಲ್ಲ, ಆಗ ಕೆಲಸ ಮಾಡಬೇಕಾಗಿರೋದು ಹಿಂದಿನ ಚಕ್ರದ ಬ್ರೇಕು, ನೀವು ಅದನ್ನ ಇನ್ನೂ ಬಿಚ್ಚೇ ಇಲ್ಲ. ಹಬ್ ಪುಲ್ಲರ್ ಹುಡುಕಿ.