ಪದಚರ್ಚೆ: ‘ಫೋನಾನ್’ಗೆ ಧ್ವನಿಕಣವೋ, ಕಂಪನಕಣವೋ, ಅದುರುಕಣವೋ?

ಎಲ್ಲರಿಗೂ ನಮಸ್ಕಾರ.

ಪಿಯು ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ‘ಫೋನಾನ್’, ಅಂದರೆ ಕಂಪನದ ಕಣ, ಎಂಬ ಒಂದೇ ಪದದ ಹತ್ತಿರ ಪೆನ್ನು ನಿಂತು ಮೂರು ದಿನವಾಯಿತು. ವಿಷಯ, ಕಣ್ಣಿಗೆ ಕಾಣದಷ್ಟು ಸಣ್ಣ ಅದುರಿನಿಂದ ಬೆಳಕನ್ನು ಹತೋಟಿಗೆ ತರುವುದು. ಧ್ವನಿಯ ಅಲೆ ಬೆಳಕನ್ನು ಹೇಗೆ ಚದುರಿಸುತ್ತದೆ ಎಂಬ ಸಿದ್ಧಾಂತವನ್ನು ಸಿ.ವಿ. ರಾಮನ್ ಮತ್ತು ನಾಗೇಂದ್ರನಾಥ್ ಕಟ್ಟಿದ್ದು 1935–36ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಹಾಗಾಗಿ ಇದಕ್ಕೆ ಕನ್ನಡದಲ್ಲಿ ಹದವಾದ ಮಾತು ಸಿಗಲೇಬೇಕೆಂಬ ಹಟ ನನಗೆ.

ಬೆರಳಿನ ಗೆಣ್ಣಿನಷ್ಟು ದೊಡ್ಡ ಟೆಲ್ಲೂರಿಯಂ ಡೈಆಕ್ಸೈಡ್ ಹರಳಿನ ಮಗ್ಗುಲಿಗೆ, ವಿದ್ಯುತ್ ಕೊಟ್ಟರೆ ಅದುರುವ ತೆಳು ಬಿಲ್ಲೆಯೊಂದನ್ನು ಅಂಟಿಸಿರುತ್ತಾರೆ. ಸೆಕೆಂಡಿಗೆ 8 ಕೋಟಿ ಸಲ ಅದುರಿಸಿದರೆ ಹರಳಿನೊಳಗೆ ಒತ್ತಿದ ಪದರ, ಸಡಿಲಿದ ಪದರ, ಮತ್ತೆ ಒತ್ತಿದ ಪದರ ಹೀಗೆ ಸಾಲುಸಾಲಾಗಿ ಹರಿಯುತ್ತವೆ. ಒಂದು ಒತ್ತಿನಿಂದ ಇನ್ನೊಂದಕ್ಕೆ ಸುಮಾರು 50 ಮೈಕ್ರಾನ್, ಕೂದಲೆಳೆಯ ದಪ್ಪ. ತಕ್ಕ ಓರೆಯಲ್ಲಿ ಹಾಯ್ದ ಲೇಸರ್ ಇಲ್ಲಿ ಪಕ್ಕಕ್ಕೆ ತಿರುಗುತ್ತದೆ. ಗೋಡೆಯ ಮೇಲಿನ ಕೆಂಪು ಚುಕ್ಕೆಯ ಬದಿಗೆ ಇನ್ನೊಂದು ಚುಕ್ಕೆ ಮೂಡುತ್ತದೆ. ವಿದ್ಯುತ್ ನಿಲ್ಲಿಸಿದೊಡನೆ ಮಾಯ. ತಿರುಗಿದ ಬೆಳಕಿನ ಆವರ್ತನವೂ ಸರಿಯಾಗಿ ಆ 8 ಕೋಟಿಯಷ್ಟೇ ಏರಿರುತ್ತದೆ ಅಥವಾ ಇಳಿದಿರುತ್ತದೆ. ಬೆಳಕಿನ ಒಂದೊಂದು ಕಣವೂ ಕಂಪನದ ಒಂದು ಕಣವನ್ನು ನುಂಗಿದೆ, ಇಲ್ಲವೇ ಹೊರಬಿಟ್ಟಿದೆ.

ಆ ಕಂಪನದ ಕಣವೇ ಫೋನಾನ್. ದನಿ ಎಂಬರ್ಥದ ಗ್ರೀಕ್ ಮಾತಿನಿಂದ ಬಂದದ್ದು. ಕೈಯಲ್ಲಿರುವ ಫೋನಿನ ಬೇರೂ ಅದೇ. ಅದನ್ನು ಹಿಡಿದು ‘ಧ್ವನಿಕಣ’ ಎಂದರೆ ಓದುವವರು ಕಿವಿಗೊಡುತ್ತಾರೆ. ನಮ್ಮ ಕಿವಿಯ ಮೇರೆ ಸೆಕೆಂಡಿಗೆ 20,000 ಕಂಪನ. ಇಲ್ಲಿ ಕೇಳಲು ಏನೂ ಇಲ್ಲ.

‘ಅದುರು’ ನನಗೆ ತುಂಬ ಇಷ್ಟ. ಬಲಗಣ್ಣು ಅದುರುತ್ತೆ, ಅಳು ಬರುವ ಮುಂಚೆ ಮಗುವಿನ ತುಟಿ ಅದುರುತ್ತೆ. ಕದಲುತ್ತದೆ, ಆದರೆ ಜಾಗ ಬಿಡುವುದಿಲ್ಲ. ಹರಳಿನ ಪರಮಾಣುಗಳು ಮಾಡುವುದೂ ಅದನ್ನೇ. ‘ಅದುರುಕಣ’ ಎಂದು ಬರೆದು ಮನೆಯಲ್ಲಿ ಓದಿದೆ. ಬಳ್ಳಾರಿ ಕಡೆಯವರಾದ ನಮ್ಮ ಅತ್ತಿಗೆ, ‘ಕಬ್ಬಿಣದ ಅದಿರಿನ ಪುಡಿ ಏನು?’ ಅಂದರು. ಗಣಿ ಲಾರಿಗಳ ಕೆಂಪು ಧೂಳು ಕಂಡವರಿಗೆ ಹಾಗೆ ಕೇಳಿಸಿದ್ದು ಸರಿಯೇ.

‘ಮಿಡಿತ’ ಒಗ್ಗಲಿಲ್ಲ. ನಾಡಿ ಬಿಟ್ಟುಬಿಟ್ಟು ಮಿಡಿಯುತ್ತದೆ, ಇದು ಎಡೆಬಿಡದ ಅಲೆ.

ಸದ್ಯಕ್ಕೆ ಕ್ರಿಯಾಪದಕ್ಕೆ ‘ಅದುರು’, ಕಣಕ್ಕೆ ‘ಕಂಪನಕಣ’ ಎಂದಿಟ್ಟುಕೊಂಡಿದ್ದೇನೆ. ಆದರೂ ಆಡುಮಾತಿನ ನಾಮಪದವೊಂದು ಬೇಕು. ಹಿಟ್ಟಿನ ಗಿರಣಿ ಓಡುವಾಗ ಪಕ್ಕದ ಗೋಡೆಗೆ ಕೈಯಿಟ್ಟರೆ ಅಂಗೈಗೆ ತಾಗುತ್ತದಲ್ಲ, ಅದಕ್ಕೆ ನಿಮ್ಮೂರಲ್ಲಿ ಏನನ್ನುತ್ತೀರಿ?