ತಮ್ಮನ ವಕೀಲರ ಉತ್ತರದಲ್ಲಿ ಬರೆದಿರುವ ತೀರ್ಪು ನಿಜವಾ, ಈಗಲೂ ನಡೆಯುತ್ತಾ? ಹುಡುಕಿದವರು ಹೇಳಿ

ಕೇಳಿದ ಪ್ರಶ್ನೆ:

ನಾನು ಮತ್ತು ಅಕ್ಕ ಪಿತ್ರಾರ್ಜಿತ ಜಮೀನಿನಲ್ಲಿ ಪಾಲು ಕೇಳಿ ತಮ್ಮನಿಗೆ ನೋಟಿಸ್ ಕಳಿಸಿದೆವು. ಅಪ್ಪ ತೀರಿಕೊಂಡಿದ್ದು 2001ರಲ್ಲಿ. ತಮ್ಮನ ವಕೀಲರು ಉತ್ತರ ಕೊಟ್ಟಿದ್ದಾರೆ. ಅದರಲ್ಲಿ ‘ಪ್ರಕಾಶ್ ವಿರುದ್ಧ ಫೂಲವತಿ, (2016) 2 ಎಸ್‌ಸಿಸಿ 36’ ಎಂದು ಬರೆದು, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟ 2005ರ ಕಾನೂನು ತಿದ್ದುಪಡಿಗೆ ಮುಂಚೆಯೇ ಅಪ್ಪ ಹೋಗಿದ್ದರಿಂದ ನಮಗೆ ಹಕ್ಕಿಲ್ಲ ಎಂದಿದ್ದಾರೆ. ನಾನು ಕಾನೂನು ಓದಿದವಳಲ್ಲ. ಆದರೆ ಆ ತೀರ್ಪನ್ನು ಕಣ್ಣಾರೆ ನೋಡಬೇಕು. ಹೇಗೆ?

ಉತ್ತರ 1:

ಖಂಡಿತ ನೋಡಬಹುದು, ದುಡ್ಡೂ ಬೇಡ. ನಾನು ಆರು ವರ್ಷ ವಕೀಲರೊಬ್ಬರ ಹತ್ತಿರ ಜೂನಿಯರ್ ಆಗಿದ್ದೆ. ದಿನದ ಅರ್ಧ ಕೆಲಸ ಇದೇ ಆಗಿತ್ತು.

ಮೊದಲು ಆ ಅಂಕಿಗಳ ಅರ್ಥ. ಎಸ್‌ಸಿಸಿ ಎನ್ನುವುದು ತೀರ್ಪುಗಳನ್ನು ಅಚ್ಚು ಹಾಕುವ ಖಾಸಗಿ ವರದಿ. ಅದರ 2016ರ ಎರಡನೇ ಸಂಪುಟದ 36ನೇ ಪುಟ ಎಂದು ಓದಿಕೊಳ್ಳಿ. ವರ್ಷ ಪುಸ್ತಕದ್ದು, ತೀರ್ಪಿನದ್ದಲ್ಲ. ಈ ತೀರ್ಪು ಬಂದಿದ್ದು 2015ರ ಅಕ್ಟೋಬರ್ 16ರಂದು. ನೀವು 2016 ಎಂದು ಹಾಕಿ ಹುಡುಕಿದರೆ ಸಿಗದೆ ಹೋಗಬಹುದು. ಪಕ್ಷಗಾರರ ಹೆಸರು ಹಾಕಿ. ನಮ್ಮ ಕಡೆಯ ಹೆಸರುಗಳನ್ನು ಇಂಗ್ಲಿಷಿನಲ್ಲಿ ನಾಲ್ಕಾರು ಥರ ಬರೆದಿರುತ್ತಾರೆ, ಎಲ್ಲವನ್ನೂ ಪ್ರಯತ್ನಿಸಿ. ಇಂಡಿಯನ್ ಕಾನೂನ್ ತಾಣದಲ್ಲಿ ಬೇಗ ಸಿಗುತ್ತದೆ. ಆದರೆ ಇಟ್ಟುಕೊಳ್ಳುವ ಪ್ರತಿಯನ್ನು ಸುಪ್ರೀಂ ಕೋರ್ಟಿನ ಸ್ವಂತ ವರದಿ ಎಸ್‌ಸಿಆರ್‌ನಿಂದಲೇ ತೆಗೆದುಕೊಳ್ಳಿ. 2023ರ ಜನವರಿಯಿಂದ ಅದು ಅಂತರ್ಜಾಲದಲ್ಲಿ ಉಚಿತ. ಕೆಲವು ತೀರ್ಪುಗಳ ಕನ್ನಡ ಅನುವಾದವೂ ಕೋರ್ಟಿನ ತಾಣದಲ್ಲಿದೆ. ಅರ್ಥ ಮಾಡಿಕೊಳ್ಳಲು ಅದು ತುಂಬಾ ಸಹಾಯ. ವಾದಕ್ಕೆ ಮಾತ್ರ ಇಂಗ್ಲಿಷ್ ಮೂಲವೇ ಆಧಾರ.

ಈಗ ನಿಮ್ಮ ವಿಷಯ. ಅವರು ಕೊಟ್ಟ ತೀರ್ಪು ಇದೆ, ಪುಟವೂ ಸರಿ. ನಮ್ಮ ಕರ್ನಾಟಕ ಹೈಕೋರ್ಟಿನಿಂದಲೇ ಮೇಲೆ ಹೋದ ಪ್ರಕರಣ ಅದು. ಆದರೆ ಅದು ಈಗ ನಡೆಯುವುದಿಲ್ಲ! ಅದನ್ನು ಕೊಟ್ಟಿದ್ದು ಇಬ್ಬರು ನ್ಯಾಯಮೂರ್ತಿಗಳ ಪೀಠ. 2020ರ ಆಗಸ್ಟ್ 11ರಂದು ಮೂವರ ಪೀಠ ‘ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ’, (2020) 9 ಎಸ್‌ಸಿಸಿ 1 ತೀರ್ಪಿನಲ್ಲಿ ಅದನ್ನು ತಳ್ಳಿಹಾಕಿತು. ಮಗಳ ಹಕ್ಕು ಹುಟ್ಟಿನಿಂದ ಬರುತ್ತದೆ, ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ಅಪ್ಪ ಬದುಕಿರಲೇಬೇಕು ಎಂದೇನಿಲ್ಲ ಎಂದು ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ಆಗಿಹೋದ ಮಾರಾಟ, ಪಾಲುಗಳಿಗೆ ರಕ್ಷಣೆ ಇದೆ. ನಿಮ್ಮಲ್ಲಿ ಅಂಥದ್ದೇನಾದರೂ ಆಗಿದೆಯಾ ಎಂದು ನೋಡಿ.

ಇದನ್ನು ನೀವೇ ಕಂಡುಹಿಡಿಯಬಹುದಿತ್ತು. ಇಂಡಿಯನ್ ಕಾನೂನ್‌ನಲ್ಲಿ ಪ್ರತಿ ತೀರ್ಪಿನ ಜೊತೆ, ಅದನ್ನು ಮುಂದೆ ಯಾವ ತೀರ್ಪುಗಳು ಹೆಸರಿಸಿವೆ ಎಂಬ ಪಟ್ಟಿ ಇರುತ್ತದೆ. ಅದರಲ್ಲಿ ಹೊಸವು, ದೊಡ್ಡ ಪೀಠದವು ಯಾವುವೋ ಅವನ್ನು ತೆರೆದು ಓದಿ. ಇನ್ನೊಂದು, ಪ್ಯಾರಾ ಸಂಖ್ಯೆ ಬೇರೆ ಬೇರೆ ಇದ್ದರೆ ಗಾಬರಿಯಾಗಬೇಡಿ. ವಿನೀತಾ ಶರ್ಮಾದ ಕೊನೆಯ ಉತ್ತರ ಮೂಲ ತೀರ್ಪಿನಲ್ಲಿ 129ನೇ ಪ್ಯಾರಾ, ಎಸ್‌ಸಿಸಿಯಲ್ಲಿ 137ನೆಯದು.

ಉತ್ತರ 2:

ಮೇಲಿನವರು ಹೇಳಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ. ಲೇಖನವೊಂದಕ್ಕೆ ನಾನು ಪುಟ್ಟಸ್ವಾಮಿ ತೀರ್ಪಿನ ಸಾಲು ಬಳಸಿದ್ದೆ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಲ್ಲಿ ಎರಡು ದೊಡ್ಡ ತೀರ್ಪುಗಳಿವೆ. 2017ರದು ಖಾಸಗಿತನದ ಬಗ್ಗೆ, 2018ರದು ಆಧಾರ್ ಬಗ್ಗೆ. ನಾನು ಎತ್ತಿಕೊಂಡ ಸಾಲು ಎರಡನೆಯದರಲ್ಲಿತ್ತು. ಅದೂ ನಾಲ್ವರು ಒಪ್ಪಿದ ತೀರ್ಪಿನದ್ದಲ್ಲ, ಒಬ್ಬರೇ ಬರೆದ ಭಿನ್ನ ತೀರ್ಪಿನದ್ದು. ಅಚ್ಚಾದ ಮೇಲೆ ಗೊತ್ತಾಗಿ ತುಂಬಾ ಸಂಕಟವಾಯಿತು. ಅಂದಿನಿಂದ ಸಾಲು ಸಿಕ್ಕ ತಕ್ಷಣ ಮೇಲಕ್ಕೆ ಹೋಗಿ, ಅದನ್ನು ಬರೆದ ನ್ಯಾಯಮೂರ್ತಿ ಯಾರು ಎಂದು ನೋಡುತ್ತೇನೆ. ಎಷ್ಟೋ ಸಲ ಅದು ವಕೀಲರ ವಾದವನ್ನು ಬರೆದುಕೊಂಡ ಪ್ಯಾರಾ ಆಗಿರುತ್ತದೆ. ಆರಂಭದಲ್ಲಿ ಬರುವ ಹೆಡ್‌ನೋಟ್, ಅಂದರೆ ಸಾರಾಂಶ ಕೂಡ ತೀರ್ಪಿನ ಭಾಗವಲ್ಲ, ವರದಿಯ ಸಂಪಾದಕರು ಬರೆದದ್ದು.

ಉತ್ತರ 3:

ಹಳೇ ಕಾಗದ ಇರುವವರಿಗೆ ಒಂದು ಮಾತು. ತಾತನ ದಾವೆಯ ಕಡತದಲ್ಲಿ ‘ಎಐಆರ್ 1966 ಮೈಸೂರು’ ಎಂದಿತ್ತು. ಎಐಆರ್ ಅಂದರೆ ಆಲ್ ಇಂಡಿಯಾ ರಿಪೋರ್ಟರ್, ಅದೂ ತೀರ್ಪುಗಳ ವರದಿಯೇ. ಮೈಸೂರಿನ ಯಾವುದೋ ಕೋರ್ಟ್ ಅಂತ ಸುಮ್ನೆ ಒಂದು ವಾರ ಅಲೆದೆ. ಆ ‘ಮೈಸೂರು’ ನಮ್ಮ ಹೈಕೋರ್ಟೇ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಿದ್ದು 1973ರ ನವೆಂಬರ್ 1ರಂದು, ಅಲ್ವಾ? ಅದಕ್ಕೂ ಹಿಂದಿನ ವರದಿಗಳಲ್ಲಿ ಮೈಸೂರು ಅಂತಲೇ ಇರುತ್ತದೆ. ಕೊನೆಗೆ ಒಂದು ಕಾನೂನು ಕಾಲೇಜಿನ ಲೈಬ್ರರಿಯವರು ಹತ್ತೇ ನಿಮಿಷದಲ್ಲಿ ಸಂಪುಟ ತೆಗೆದುಕೊಟ್ಟರು. ಅವರನ್ನು ಕೇಳಲು ಸಂಕೋಚಪಡಬೇಡಿ.

ಉತ್ತರ 4:

ಈಗ ಜಾಸ್ತಿ ಜನ ಎಐ ಚಾಟ್‌ಬಾಟ್ ಕೇಳುತ್ತಾರೆ. ದಯವಿಟ್ಟು ಅದು ಕೊಟ್ಟ ಸೈಟೇಶನ್ (ತೀರ್ಪಿನ ಹೆಸರು, ವರ್ಷ, ಪುಟದ ಉಲ್ಲೇಖ) ಅನ್ನು ಹಾಗೇ ಬರೆಯಬೇಡಿ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ಕಟ್ಟಬೇಕಾಯಿತು. ನನಗೂ ಒಮ್ಮೆ ಹಾಗೆ ಆಗಿದೆ. ಹೆಸರು, ವರ್ಷ, ಪುಟ ಎಲ್ಲ ಇತ್ತು. ಆ ಪುಟ ತೆರೆದರೆ ಅಲ್ಲಿದ್ದದ್ದು ಬೇರೆ ಯಾರದೋ ತೆರಿಗೆ ಪ್ರಕರಣ. ಹೆಸರು ಹಾಕಿ ಒಮ್ಮೆ, ಪುಟ ಹಿಡಿದು ಒಮ್ಮೆ ಹುಡುಕಿ. ಎರಡೂ ಒಂದೇ ಕಡೆ ಸೇರಬೇಕು.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡೂ ತೀರ್ಪು ಸಿಕ್ಕಿತು. ಅಕ್ಕನಿಗೆ 129ನೇ ಪ್ಯಾರಾ ಓದಿ ಹೇಳಿದೆ, ಅವಳು ಇನ್ನೊಂದು ಸಲ ಓದಿಸಿಕೊಂಡಳು. ತಮ್ಮ 1998ರ ಪಾಲುಪಟ್ಟಿ ಒಂದನ್ನು ತೋರಿಸುತ್ತಿದ್ದಾನೆ. ಅದು ನೋಂದಣಿ ಆಗಿಲ್ಲ. ಅದೇ ಪ್ಯಾರಾದಲ್ಲಿ ಬಾಯಿಮಾತಿನ ಪಾಲಿನ ಬಗ್ಗೆಯೂ ಬರೆದಿದ್ದಾರೆ. ಅಲ್ಲಿಗೆ ಪೆನ್ಸಿಲ್ ಗೆರೆ ಹಾಕಿಕೊಂಡು ಸೋಮವಾರ ನಮ್ಮ ವಕೀಲರ ಹತ್ತಿರ ಹೋಗುತ್ತಿದ್ದೇವೆ.